ಅಮ್ಮನ ಬಗ್ಗೆ ಒಂದು ಸಾಲು

“ಆ ಒಂದು ಸಾಲು ತೆಗೆಸು ಸಾಕು. ಮಿಕ್ಕಿದ್ದೆಲ್ಲ ಹಾಗೇ ಇರ್ಲಿ. ದೊಡ್ಡ ಕಲಾವಿದ ಅಂತಾನೇ ಬರ್ಕೊಳ್ಳಲಿ,” ಎಂದಿದ್ದಳು ಅಮ್ಮ.

ಆನ್‌ಲೈನ್ ವಿಶ್ವಕೋಶದಲ್ಲಿ ಅಪ್ಪನ ಕುರಿತ ಲೇಖನ ಮರುದಿನ ಮುಖಪುಟಕ್ಕೆ ಬರುವುದಿತ್ತು. ಪಿಟೀಲು, ಪ್ರಶಸ್ತಿ, ಪ್ರವಾಸ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಆ ಸಾಲು: ‘ಪಿಟೀಲು ವಾದಕಿಯೇ ಆಗಿದ್ದ ಪತ್ನಿ ಸಂಸಾರಕ್ಕಾಗಿ ಸ್ವಇಚ್ಛೆಯಿಂದ ವೇದಿಕೆ ತೊರೆದರು.’

ನಾನೂ ಅಲ್ಲಿ ಸಂಪಾದಕಿ. ಬಾಯಿ ತೆರೆಯದೆ ಮಾಡಬಹುದಾದ ಕೆಲಸವೆಂದೇ ಸೇರಿದ್ದವಳು. ಅಂದು ಮಾತ್ರ ಬಾಯಿ ತೆರೆಯಲೇಬೇಕಿತ್ತು. ಗ್ರಂಥಾಲಯದ ಮಾಳಿಗೆಯ ಕೋಣೆಯಲ್ಲಿ ಕೊನೆಯ ಚರ್ಚೆಗೆ ಮೂವರು ಸೇರಿದ್ದೆವು. ತೀರ್ಪು ಕೊಡುವ ಹಿರಿಯ ಸಂಪಾದಕಿ ವಕೀಲಮ್ಮ, ಲೇಖನದ ಬಹುಪಾಲು ಬರೆದಿದ್ದ ಅಪ್ಪನ ಶಿಷ್ಯ, ನಾನು. ನಾನು ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಆ ಮನೆ ಬಿಟ್ಟ ಮೇಲೆ ಬಂದವನು ಈ ಶಿಷ್ಯ.

“ಆಧಾರ ಇದೆಯಲ್ಲ. ಗುರುಗಳೇ ಸಂದರ್ಶನದಲ್ಲಿ ಹೇಳಿದಾರೆ,” ಎಂದ. ಅವನ ಎಡಗೈ ಗೆಣ್ಣುಗಳ ತುಂಬ ಬಿಳಿ ಗೀರುಗಳು. ಪಿಟೀಲಿನ ಕಮಾನಿನ ಏಟು ಎಂದು ಕೂಡಲೇ ಗುರುತಾಯಿತು. ನನಗೂ ಒಂದಿದೆ.

“ಅದು ಅವರ ಮಾತು. ಆಕೆಯ ಮಾತಲ್ಲ.” ನನ್ನ ಮಾತು ಅವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

“ಆಕೆ ಎಲ್ಲಾದ್ರೂ ಬೇರೆ ಹೇಳಿದಾರಾ? ಅಚ್ಚಾಗಿದ್ರೆ ತೋರ್ಸಿ. ಇಲ್ಲಾಂದ್ರೆ ಸುಮ್ನೆ ಪಿಟೀಲು ಕುಯ್ಬೇಡಿ.” ತನ್ನ ಹಾಸ್ಯಕ್ಕೆ ತಾನೇ ನಕ್ಕ.

ಅಚ್ಚಾಗಿದ್ದು ಅಮ್ಮನ ಕೈಮೇಲೆ ಮಾತ್ರ. ಅವಳೊಬ್ಬಳೇ ನುಡಿಸಲು ಕರೆ ಬಂದ ದಿನ, ಅಪ್ಪ ಅವಳ ಎಡಗೈಯನ್ನು ಬಾಗಿಲ ಸಂದಿಗಿಟ್ಟು ಕದ ಜಡಿದ. ಬೆರಳು ಇನ್ನೂ ಅಲುಗಾಡುತ್ತಿವೆಯೇ ಎಂದು ಬಗ್ಗಿ ನೋಡಿ, ಮತ್ತೆ ಜಡಿದ. ಒಣಕಡ್ಡಿ ಮುರಿದ ಸದ್ದು. ಕಿತ್ತುಬಂದ ಉಗುರೊಂದು ನನ್ನ ಪಾದದ ಮೇಲೆ ಬಿತ್ತು. ಆಮೇಲೆ ಅಪ್ಪ ಕೈ ತೊಳೆದು, ಶ್ರುತಿ ಮಾಡಿಕೊಂಡು ಅಭ್ಯಾಸಕ್ಕೆ ಕೂತ.

“ನಾನು ಅವರ ಮಗಳು,” ಎಂದುಬಿಟ್ಟೆ. “ಬಾಗಿಲ ಸಂದಿಗೆ ಕೊಟ್ಟು ಅಮ್ಮನ ಬೆರಳು ಮುರಿದ್ರು. ನಾನು ನೋಡಿದೀನಿ.”

ವಕೀಲಮ್ಮ ಕನ್ನಡಕ ತೆಗೆದರು. “ಅಯ್ಯೋ ಮಗಳೇ, ಮೊದ್ಲೇ ಹೇಳ್ಬಾರ್ದಿತ್ತಾ? ಮನೆಯವರ ಲೇಖನ ಮನೆಯವರು ಮುಟ್ಟೋ ಹಾಗಿಲ್ಲ. ಕಣ್ಣಾರೆ ಕಂಡಿದ್ದು ನಮ್ಮಲ್ಲಿ ಆಧಾರಾನೂ ಅಲ್ಲ. ಕೈ ತೆಗಿ.”

ಲೇಖನ ತೆರೆದಿದ್ದ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲಿಂದ ಎಡಗೈ ತೆಗೆಯಲು ನನಗಾಗಲಿಲ್ಲ.

“ಓಹೋ, ಓಡಿಹೋದವಳ ಮಗಳಾ!” ಶಿಷ್ಯ ಎದ್ದು ನಿಂತ. “ನಾನೂ ತಿಂದಿದೀನಿ ಕಣೇ ಏಟು. ಇವತ್ತಿಗೂ ಅದೇ ಮನೇಲಿ ಅವರ ಅನ್ನ ತಿಂದ್ಕೊಂಡಿದೀನಿ. ಏಟು ತಿಂದೇ ಮನುಷ್ಯ ಆದೆ. ನಿಮ್ಮಮ್ಮಂಗೆ ತಡ್ಕೊಳ್ಳೋ ಯೋಗ್ಯತೆ ಇರ್ಲಿಲ್ಲ.”

“ಒಂದ್ನಿಮಿಷ,” ಎಂದರು ವಕೀಲಮ್ಮ. “ಅವರ ಮನೇಲೇ ಇದೀಯಾ? ಹಾಗಾದ್ರೆ ನೀನೂ ಮುಟ್ಟೋ ಹಾಗಿಲ್ಲಪ್ಪ. ನೀನು ಬರ್ದಿದ್ದೆಲ್ಲ ಮೊದಲಿಂದ ನೋಡ್ಬೇಕು ಈಗ.”

ಅವನು ಅವರತ್ತ ತಿರುಗಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ನನ್ನ ಬೆರಳುಗಳ ಮೇಲೆ ಅಪ್ಪಳಿಸಿ, ಮೈಭಾರವೆಲ್ಲ ಹಾಕಿ ಒತ್ತಿದ. ಕಣ್ಣು ಕತ್ತಲೆಗಟ್ಟಿತು. ಬಲಗೈಗೆ ಸಿಕ್ಕಿದ್ದು ಸ್ಟೀಲಿನ ನೀರಿನ ಬಾಟಲಿ. ಯಾರಿಗೂ ಎದುರುತ್ತರ ಕೊಟ್ಟು ಗೊತ್ತಿಲ್ಲದ ನಾನು ಅದನ್ನೆತ್ತಿ ಅವನ ದವಡೆಗೆ ಬೀಸಿದೆ. ಬೆರಳ ಮೇಲಿನ ಒತ್ತಡ ಸಡಿಲವಾಯಿತು. ಆದರೂ ಇನ್ನೊಮ್ಮೆ ಬೀಸಿದೆ. ರಕ್ತದ ಜೊತೆ ಹಲ್ಲೊಂದು ಮೇಜಿನ ಮೇಲೆ ಉರುಳಿತು. ಮತ್ತೆ ಎತ್ತಿದ ಕೈಯನ್ನು ವಕೀಲಮ್ಮ ಗಟ್ಟಿಯಾಗಿ ಹಿಡಿದರು.

“ಸಾಕಮ್ಮಾ. ಸತ್ತುಗಿತ್ತು ಹೋದಾನು.”

ಅವನು ಬಾಯಿ ಒತ್ತಿಕೊಂಡು ಮೆಟ್ಟಿಲಿಳಿದ. ವಕೀಲಮ್ಮ ನನ್ನ ಬೆರಳಿಗೆ ಕರವಸ್ತ್ರ ಸುತ್ತಿ, ತಾವೇ ಆ ಸಾಲು ಅಳಿಸಿ, ಕಾರಣ ಬರೆದರು: ‘ಪತ್ನಿಯ ಇಚ್ಛೆಗೆ ಪತಿಯ ಮಾತೊಂದೇ ಆಧಾರವಾಗಿ ಸಾಲದು.’

“ಬೆರಳು ಮುರಿದಿದ್ದನ್ನ ಹಾಕೋಕಾಗಲ್ಲ. ಗೊತ್ತಲ್ಲ?”

“ಗೊತ್ತು.”

ಮನೆಯಲ್ಲಿ ಅಮ್ಮ ಕರವಸ್ತ್ರ ಬಿಚ್ಚಿದಳು. “ಸಾಲು ಹೋಯ್ತಾ?”

“ಹೋಯ್ತು.”

“ಇದು ಯಾರ ಕೆಲಸ?”

“ಅಪ್ಪನ ಶಿಷ್ಯಂದು.”

ತನ್ನ ಸೊಟ್ಟ ಬೆರಳುಗಳಿಂದ ನನ್ನವನ್ನು ಒಂದೊಂದಾಗಿ ಮಡಿಸಿ ನೋಡಿದಳು. ನಾನು ಕಿರುಚಿದೆ. ಎಲ್ಲವೂ ಮಡಿಚಿಕೊಂಡವು.

“ಮೂಳೆ ಮುರಿದಿಲ್ಲ,” ಎಂದು ಅಮ್ಮ ನೀರು ಕಾಯಿಸಲು ಎದ್ದಳು. “ನಿಮ್ಮಪ್ಪನ ಹತ್ರ ಅವನಿಗಿನ್ನೂ ಪಾಠ ಮುಗಿದಿಲ್ಲ ಅಂತ ಕಾಣುತ್ತೆ.”