ಏಳು ಅಂಕ

“ನೂರ ಅರವತ್ತೆಂಟು,” ಎಂದಳು ಆರ್ಡಿತ್, ಗುರಿಹಾಳೆಯ ತೂತುಗಳನ್ನು ಎರಡನೇ ಸಲ ಎಣಿಸಿ. “ಏಳು ಅಂಕ ಸಾಲ್ದು ಕಣಮ್ಮ. ನೂರ ಎಪ್ಪತ್ತೈದಾದ್ರೆ ಪಾಸು. ಇನ್ನೊಂದೇ ಸಲ ಉಳಿದಿರೋದು.”

ನೆಲ್ಡಾ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. ಉತ್ತರ ಕೊಟ್ಟವನು ಹಿಂದಿನ ಬೆಂಚಿನ ಮೇಲೆ ಕೂತಿದ್ದ ಅವಳ ಗಂಡ ಹಾರ್ಲನ್. “ಉಸ್ರು ಹಿಡ್ಕೊಳೇ ಅಂತ ಬಡ್ಕೊಂಡೆ. ಕಣ್ಣು ಮುಚ್ತಾಳೆ ಮೇಡಂ, ನಾನೇ ನೋಡ್ದೆ.”

ಬೆಳಿಗ್ಗೆಯಿಂದ ಅವನ ಬಾಯಿಗೆ ಬಿಡುವಿರಲಿಲ್ಲ. ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಈಗ ಸ್ಯಾನ್ ಸಾಬಾ ಊರಿನ ಹೊರಗೆ ತನ್ನ ದನದ ಹುಲ್ಲುಗಾವಲಲ್ಲಿ ಪಿಸ್ತೂಲು ಕಲಿಸುತ್ತಿದ್ದ ಆರ್ಡಿತ್‌ಗೆ ಹಿಂದಿನ ಸೀಟಿನ ಗಲಾಟೆ ಹೊಸದಲ್ಲ.

ನೆಲ್ಡಾ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ಮಾರ್ಚಿನಲ್ಲಿ ಮಣ್ಣುರಸ್ತೆಯೊಂದರಲ್ಲಿ ಇಬ್ಬರು ಅವಳ ಕಾರು ಅಡ್ಡಗಟ್ಟಿ ಔಷಧಿಯ ಚೀಲ ಕಿತ್ತುಕೊಂಡು ಹೋದರು. ಅಂದಿನಿಂದ ಹಾರ್ಲನ್ನನದು ಒಂದೇ ಹಟ: ಪಿಸ್ತೂಲಿನ ಲೈಸೆನ್ಸ್ ತೆಗೆದುಕೋ, ಇಲ್ಲವೇ ಕೆಲಸ ಬಿಡು. ಟೆಕ್ಸಸ್‌ನಲ್ಲಿ ಈಗ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೆ ಅವನಿಗೆ ಕಾಗದ ಬೇಕು, ಕಾಗದದ ಮೇಲೆ ಸಹಿ ಬೇಕು. ಇವತ್ತು ಫೇಲಾದರೆ ಸೋಮವಾರ ರಾಜೀನಾಮೆ ಎಂದು ಮನೆಯಲ್ಲಿ ಮಾತಾಗಿತ್ತು. ನೆಲ್ಡಾ ಅದನ್ನು ಬೆಳಿಗ್ಗೆ ಕಾಫಿ ಕುಡಿಯುವಾಗ ಆರ್ಡಿತ್‌ಗೆ ಹೇಳಿಬಿಟ್ಟಿದ್ದಳು.

“ಈ ಅಂಗೈಯಷ್ಟು ಪಿಸ್ತೂಲು ಯಾರಮ್ಮ ಕೊಡ್ಸಿದ್ದು?” ಎಂದು ಕೇಳಿದಳು ಆರ್ಡಿತ್.

“ನಾನೇ, ಹುಟ್ಟುಹಬ್ಬಕ್ಕೆ,” ಎಂದ ಹಾರ್ಲನ್. “ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು.”

“ಚಿಕ್ಕದೇ ಜಾಸ್ತಿ ಒದೆಯೋದು ಕಣಪ್ಪ.”

“ಒದೆಯೋದು ಏನ್ ಬಂತು! ಅವಳು ಹೆದರ್ತಾಳೆ ಅಷ್ಟೆ. ಕೊಡಿ ಇಲ್ಲಿ, ತೋರಿಸ್ತೀನಿ.”

ಅವನು ಅಷ್ಟು ಕೇಳಿದ್ದೇ ತಡ, ಆರ್ಡಿತ್ ಮೇಜಿನ ಕಡೆ ಹೋಗಿ, ಅವರಿಗೆ ಬೆನ್ನು ಮಾಡಿ ನಿಂತು, ಆರು ಗುಂಡು ತುಂಬಿ ತಂದುಕೊಟ್ಟಳು.

ಹಾರ್ಲನ್ ಕಾಲಗಲಿಸಿ ನಿಂತ. ಮೊದಲ ಗುಂಡು ಹಾಳೆಯ ನಡುವಿಗೇ ಬಿತ್ತು. ಎರಡನೆಯದು ಸ್ವಲ್ಪ ಕೆಳಗೆ. ಮೂರನೇ ಸಲ ಟ್ರಿಗರ್ ಎಳೆದಾಗ ಸದ್ದೇ ಬರಲಿಲ್ಲ, ಟಿಕ್ ಎಂದಿತು ಅಷ್ಟೆ. ಆದರೆ ಪಿಸ್ತೂಲಿನ ಮೂತಿ ನೀರಿನ ತೊಟ್ಟಿಗೆ ಬಾಯಿ ಹಾಕುವ ದನದ ಹಾಗೆ ಕೆಳಕ್ಕೆ ಹೋಯಿತು. ಹಾರ್ಲನ್ನನ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು.

ಅದು ಮದ್ದಿಲ್ಲದ ಪ್ಲಾಸ್ಟಿಕ್ ಗುಂಡು. ಎಂಥ ಶೂರನ ಕೈಯನ್ನೂ ಬಯಲಿಗೆಳೆಯಲು ಆರ್ಡಿತ್ ಅದನ್ನು ಒಳ್ಳೆಯ ಗುಂಡುಗಳ ನಡುವೆ ಸೇರಿಸಿಬಿಡುತ್ತಾಳೆ.

ನೆಲ್ಡಾ ನಗಲಿಲ್ಲ. ಗಂಡನನ್ನೇ ನೋಡಿದಳು. ಅವಳಿಗೆ ಖುಷಿಯಾಯಿತು, ಜೊತೆಗೇ ಅಯ್ಯೋ ಅನ್ನಿಸಿತು.

“ಇದು ಪುಕ್ಕಲುತನ ಅಲ್ಲಪ್ಪ,” ಎಂದಳು ಆರ್ಡಿತ್ ಮೆತ್ತಗೆ. “ಸದ್ದಿಗೆ ಮುಂಚೆನೇ ಕೈ ಹೆದರಿಬಿಡುತ್ತೆ. ನಂದೂ ಹೀಗೇ ಇತ್ತು. ಹೋಗು, ಆ ಪೆಕಾನ್ ಮರದ ನೆರಳಲ್ಲಿ ಸ್ವಲ್ಪ ಕೂತ್ಕೊ.”

ಅವನು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹೋದ.

ಆರ್ಡಿತ್ ತನ್ನದೇ ಉದ್ದ ನಳಿಗೆಯ, ಸಣ್ಣ ಗುಂಡಿನ ಪಿಸ್ತೂಲನ್ನು ನೆಲ್ಡಾಳ ಕೈಗಿಟ್ಟಳು. “ಇಂಜೆಕ್ಷನ್ ಕೊಡೋವಾಗ ರೋಗಿಗೆ ಏನಂತೀಯ?”

“ಕೈ ಸಡಿಲ ಬಿಡಿ, ಯಾವಾಗ ಚುಚ್ತಾಳೋ ಅಂತ ಕಾಯ್ಬೇಡಿ ಅಂತೀನಿ.”

“ಅದನ್ನೇ ನಿನ್ನ ಕೈಗೆ ಹೇಳು.”

ಅರ್ಧ ಗಂಟೆ ಇಬ್ಬರೂ ಪ್ಲಾಸ್ಟಿಕ್ ಗುಂಡು ಬೆರೆಸಿ ಅಭ್ಯಾಸ ಮಾಡಿದರು. ಮೊದಮೊದಲು ಮೂತಿ ಬಾಗುತ್ತಿತ್ತು, ಆಮೇಲೆ ಕಡಿಮೆಯಾಯಿತು, ಕೊನೆಗೆ ಟಿಕ್ ಎಂದಾಗಲೂ ಇದ್ದಲ್ಲೇ ಇತ್ತು. ಮೂರನೇ ಪರೀಕ್ಷೆಯ ಐವತ್ತು ಗುಂಡು ಮುಗಿದಾಗ ಆರ್ಡಿತ್ ಎಣಿಸಿ, “ನೂರ ತೊಂಬತ್ತೊಂದು,” ಎಂದು ಕಾಗದಕ್ಕೆ ಸಹಿ ಹಾಕಿದಳು.

“ಇನ್ನು ಇಂಥದ್ದೇ ಒಂದು ತಗೋ, ಆ ಚಿಕ್ಕದನ್ನ ಬಿಡು.”

“ಯಾವ್ದೂ ಬೇಡ,” ಎಂದಳು ನೆಲ್ಡಾ, ಸಹಿ ಒಣಗುವ ಮುಂಚೆಯೇ ಕಾಗದ ಮಡಿಸುತ್ತ. “ಅವ್ನಿಗೆ ಕಾಗದ ಬೇಕಿತ್ತು, ಸಿಕ್ತು. ಸೋಮವಾರ ಪ್ರೂಯಿಟ್ ತಾತನ ಕಾಲಿನ ಗಾಯದ ಪಟ್ಟಿ ಬದಲಾಯಿಸ್ಬೇಕು. ಬೇರೆಯವ್ರು ಮುಟ್ಟಿದ್ರೆ ಬೈತಾರೆ.”

ಅವಳು ಮರದ ಹತ್ತಿರ ಹೋಗಿ ಗಂಡನಿಗೆ ಕಾಗದ ತೋರಿಸಿದಳು. ಅವನು ಎರಡು ಸಲ ಓದಿ ತಲೆಯಾಡಿಸಿ ಟ್ರಕ್ಕಿನ ಬೀಗದ ಕೈ ಕೊಟ್ಟ. ಅವಳು ಟ್ರಕ್ಕಿನ ಕಡೆ ನಡೆದಳು. ಹಾರ್ಲನ್ ಮೇಜಿನ ಬಳಿ ಬಂದು ಚಿಕ್ಕ ಪಿಸ್ತೂಲನ್ನು ಡಬ್ಬಿಗೆ ಹಾಕಿದ. ಹಾಕಿದ ಮೇಲೂ ಹೊರಡಲಿಲ್ಲ.

“ಮಂಗಳವಾರ ಇರ್ತೀರಾ ಮೇಡಂ?”

“ಇರ್ತೀನಿ. ಇಬ್ರೂ ಬರ್ತೀರಾ?”

“ಇಲ್ಲ.” ಅವನು ಟ್ರಕ್ಕಿನ ಕಡೆ ನೋಡಿ ದನಿ ತಗ್ಗಿಸಿದ. “ನಾನೊಬ್ನೇ.”

ಟ್ರಕ್ಕಿನ ಹಾರ್ನ್ ಆಯಿತು. ಹಾರ್ಲನ್ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಗ ಬೇಗ ನಡೆದು, ಅಭ್ಯಾಸಬಲದಿಂದ ಡ್ರೈವರನ ಬಾಗಿಲಿಗೇ ಕೈ ಹಾಕಿದ. ಒಳಗೆ ನೆಲ್ಡಾ ಕೂತಿದ್ದಳು. ಅವನು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಟ್ರಕ್ಕಿನ ಮುಂದಿನಿಂದ ಸುತ್ತಿಕೊಂಡು ಆ ಕಡೆಯ ಬಾಗಿಲಿಗೆ ಹೋದ.