ಗೊಡ್ಡಿಗೆ ಗೊಡ್ಡು ಜೊತೆ

ಗೋಯಿಂಬಾ ನನ್ನ ಗಂಡನಾಗಿದ್ದ ಕಾಲದಲ್ಲಿ ಅವನಿಗೆ ಎರಡು ಹೆಮ್ಮೆಗಳಿದ್ದವು. ಒಂದು ಅವನ ಮಾತು, ಇನ್ನೊಂದು ಅವನ ಹಂದಿಗಳು. ಮಾತು ಅವನದೇ, ಒಪ್ಪುತ್ತೇನೆ. ಹಂದಿಗಳನ್ನು ಸಾಕಿದವಳು ನಾನು. ಗೆಣಸು ಅಗೆದು, ಬಲೆಚೀಲಕ್ಕೆ ತುಂಬಿ, ಹಣೆಗೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದವಳೂ ನಾನೇ. ಅವನು ಮಾಡುತ್ತಿದ್ದದ್ದು ಒಂದೇ ಕೆಲಸ: ಗಂಡು ಮರಿ ಹುಟ್ಟಿದರೆ ಸಾಕು, ಬೀಜ ತೆಗೆಸಿಬಿಡುವುದು. ಹಾಗೆ ಮಾಡಿದರೆ ಕೊಬ್ಬು ಚೆನ್ನಾಗಿ ಕೂರುತ್ತದೆ, ಕುಲಕುಲಗಳ ನಡುವೆ ಹಂದಿ ಕೊಡುವ ಕೊಳ್ಳುವ ದಿನ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ ಎಂಬ ಆಸೆ. ಕೊನೆಗೆ ಅವನ ಬೇಲಿಯೊಳಗೆ ಗಂಡು ಎನ್ನಿಸಿಕೊಳ್ಳುವ ಪ್ರಾಣಿ ಒಂದೂ ಉಳಿಯಲಿಲ್ಲ. ಅವನನ್ನೂ ಸೇರಿಸಿ ಹೇಳುತ್ತಿದ್ದೀಯಾ ಎಂದು ಈಗಲೇ ಕೇಳಬೇಡಿ.

ಮಕ್ಕಳಾಗಲಿಲ್ಲವೆಂದು ಅವನು ಹೊಸ ಹೆಂಡತಿಯನ್ನು ತಂದ. ನನ್ನನ್ನು ಅಣ್ಣನ ಮನೆಗೆ ಕಳಿಸುವುದೆಂದಾಯಿತು. ಅವನ ಕುಲದ, ನಮ್ಮ ಕುಲದ ಹಿರಿಯರು ಊರ ಬಯಲಿನಲ್ಲಿ ಕೂತು, ಇಷ್ಟು ವರ್ಷ ದುಡಿದವಳನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ, ಒಂದು ಹೆಣ್ಣು ಹಂದಿ ಕೊಡು ಎಂದರು. ಅವನು ಹುಡುಕಿ ಹುಡುಕಿ ಒಂದನ್ನು ಹಗ್ಗ ಹಿಡಿದು ಎಳೆತಂದ. ಮೈ ತುಂಬಿಕೊಂಡ ಎಳೆಯ ಹಂದಿ. ಬೆದೆಗೆ ಬರಬೇಕಾದ ವಯಸ್ಸು ಯಾವಾಗಲೋ ದಾಟಿತ್ತು, ಬೆದೆ ಮಾತ್ರ ಬಂದಿರಲಿಲ್ಲ. ಅದು ಗೊಡ್ಡು ಎಂದು ಊರಿಗೆಲ್ಲ ಗೊತ್ತಿತ್ತು. ನಾನೂ ಹಾಗೆಯೇ ನಂಬಿದ್ದೆ.

"ಗೊಡ್ಡಿಗೆ ಗೊಡ್ಡು ಜೊತೆ," ಅಂದ. "ತಗೊಂಡು ಹೋಗ್ಲಿ. ಇದಕ್ಕೆ ಬದಲು ನಂಗೇನೂ ಬೇಡ. ಇದರ ಬಾಲದ ಕೂದಲೂ ಬೇಡ."

ಕೆಲವರು ನಕ್ಕರು. ನಮ್ಮ ಕುಲದ ಹಿರಿಯ ಕೊಂಟ್ ನಗಲಿಲ್ಲ. ನಮ್ಮಲ್ಲಿ ಕೊಟ್ಟ ಹಂದಿಗೆ ಬದಲು ಬೇಡ ಎಂದು ಯಾರೂ ಹೇಳುವುದಿಲ್ಲ. ಅದು ನಾಯಿಗೆ ಮೂಳೆ ಎಸೆದ ಹಾಗೆ.

ಟ್ರಕ್ಕಿನ ಹಿಂದೆ, ಕಾಫಿ ಮೂಟೆಗಳ ನಡುವೆ, ಆ ಹಂದಿಯನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ತವರಿಗೆ ಬಂದೆ. ಅದು ಮರಿ ಹಾಕಿದರೆ ನಾನು ಹಂದಿಯುಳ್ಳ ಹೆಂಗಸು. ಇಲ್ಲದಿದ್ದರೆ ಅಣ್ಣನ ಒಲೆಯ ಮುಂದೆ ಬಿಟ್ಟಿ ಬಾಯಿ. ಅತ್ತಿಗೆ ಡೋರ್ಕಾಸ್ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಪಾಲಿನ ಗೆಣಸು ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಅಣ್ಣನ ಹತ್ತಿರ ಬೀಜವಿರುವ ಗಂಡುಹಂದಿಯೊಂದಿತ್ತು. ಹರಿದ ಕಿವಿ, ಬಾಯ್ತುಂಬ ನೊರೆ, ಹತ್ತಿರ ಹೋದರೆ ಕಣ್ಣಲ್ಲಿ ನೀರು ಬರುವಂಥ ನಾತ. ನನ್ನ ಹಂದಿಯನ್ನು ಅದರ ಬೇಲಿಯ ಪಕ್ಕದಲ್ಲೇ ಕಟ್ಟಿದೆವು, ಬೇರೆ ಜಾಗವಿರಲಿಲ್ಲ. ಕೆಲವೇ ದಿನಕ್ಕೆ ನನ್ನದು ಗೆಣಸು ಮುಟ್ಟುವುದನ್ನು ಬಿಟ್ಟಿತು. ಗೂಟದ ಸುತ್ತ ಸುತ್ತುವುದು, ಹಗ್ಗ ಕಡಿಯುವುದು, ಕಿರುಚುವುದು. ಇದ್ದ ಒಂದು ಹಂದಿಯೂ ಹೋಯಿತಲ್ಲ ಎಂದು ನಾನು ಅತ್ತೆ. ಡೋರ್ಕಾಸ್ ಬಂದು ಬಾಲ ಎತ್ತಿ ನೋಡಿದಳು. ಕೆಂಪಗೆ ಊದಿಕೊಂಡಿತ್ತು. ಎರಡೂ ಕೈ ಊರಿ ಅದರ ಬೆನ್ನು ಒತ್ತಿದಳು. ಅಷ್ಟು ಹೊತ್ತು ಕುಣಿಯುತ್ತಿದ್ದ ಹಂದಿ ಕಿವಿ ನಿಮಿರಿಸಿ ಕಂಬದ ಹಾಗೆ ನಿಂತಿತು.

"ಅಳೋದ್ ಬಿಡೇ, ದೊಡ್ಡೋಳಾಗಿದಾಳೆ ನಿನ್ ಮಗಳು," ಅಂದಳು. "ಗಂಡಿನ ನೊರೆ ವಾಸನೆ ಮೂಗಿಗೆ ಬಿದ್ರೆ ತಾನೆ ರಕ್ತ ಏಳೋದು? ನಿನ್ ಗಂಡನ ಬೇಲೀಲಿ ಏನಿತ್ತು ಮೂಸೋಕೆ?"

ರೇಡಿಯೋದಲ್ಲಿ ಮಾತಾಡುವ ಪಶು ಡಾಕ್ಟರು ಇದನ್ನು ಹಾರ್ಮೋನು ಅನ್ನುತ್ತಾರೆ. ನನಗೆ ಡೋರ್ಕಾಸ್ ಹೇಳಿದ್ದೇ ಸಾಕು. ಅವತ್ತೇ ಬೇಲಿ ತೆಗೆದೆವು. ಹಂದಿ ಮೊದಲ ಸೂಲಿಗೇ ಒಂಬತ್ತು ಮರಿ ಹಾಕಿತು. ನನ್ನ ಗೆಣಸು ಮತ್ತೆ ದೊಡ್ಡದಾಯಿತು. ಹಂದಿಗೆ ಗೊಡ್ಡಿ ಎಂದೇ ಹೆಸರಿಟ್ಟೆ.

ಸುದ್ದಿ ಕೇಳಿ ಗೋಯಿಂಬಾ ಬಂದ, ಮುಖಕ್ಕೆ ಎಣ್ಣೆ ಸವರಿಕೊಂಡು, ತಲೆಗೆ ಗರಿ ಸಿಕ್ಕಿಸಿಕೊಂಡು. ಹಂದಿ ತನ್ನದು, ಅರ್ಧ ಮರಿಗಳು ತನಗೆ ಸೇರಬೇಕು ಎಂದು ನಮ್ಮೂರ ಬಯಲಿನಲ್ಲಿ ನಿಂತು ಬಹಳ ಹೊತ್ತು ಭಾಷಣ ಮಾಡಿದ. ಭಾಷಣದ ನಡುವೆ ಅವನ ಬಡತನವೂ ಹೊರಬಿತ್ತು: ಮನೆಯಲ್ಲಿರುವ ಹೆಣ್ಣು ಹಂದಿಗಳಲ್ಲಿ ಒಂದೂ ಬೆದೆಗೆ ಬಂದಿಲ್ಲವಂತೆ. ಹೊಸ ಹೆಂಡತಿಯ ಮಡಿಲೂ ಖಾಲಿ ಎಂದು ಅವನು ಹೇಳಲಿಲ್ಲ. ಅದು ನಮಗೆ ಮೊದಲೇ ಗೊತ್ತಿತ್ತು.

ಹಿರಿಯ ಕೊಂಟ್ ಎದ್ದು ನಿಂತು ಒಂದೇ ಮಾತು ಕೇಳಿದ: "ಬಾಲದ ಕೂದಲೂ ಬೇಡ ಅಂದೋನು ನೀನೇ ಅಲ್ವೇನಪ್ಪ?"

ಅಷ್ಟು ಜನರ ಮುಂದೆ ಆಡಿದ ಮಾತನ್ನು ಅಲ್ಲಗಳೆಯುವುದು ನಮ್ಮಲ್ಲಿ ಯಾರಿಂದಲೂ ಆಗುವುದಿಲ್ಲ. ಆಗ ಅವನು ನನ್ನ ಕಡೆ ತಿರುಗಿದ. ಹಲ್ಲು ಗಿಂಜುತ್ತ, ಹಳೆಯ ಸಂಬಂಧ, ಒಂದು ಮರಿಯಾದರೂ ಕೊಡು ಅಂದ. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಇಂಥವನಿಗೆ ಹೆದರಿಕೊಂಡು ಅಷ್ಟು ವರ್ಷ ಬದುಕಿದೆನಲ್ಲಾ ಎಂದು ಅಸಹ್ಯವಾಯಿತು.

"ಮರಿ ಕೊಡಲ್ಲ," ಅಂದೆ. "ಬೇಕಾದ್ರೆ ನಮ್ಮ ಗಂಡುಹಂದೀನ ಒಂದಷ್ಟು ದಿನ ಕರ್ಕೊಂಡು ಹೋಗು. ನಿನ್ ಬೇಲಿಯೊಳಗಿನ ಹಂದಿಗಳ ತೊಂದರೆ ಆದ್ರೂ ಹೋಗ್ಲಿ."

ಹೆಂಗಸರ ಸಾಲಿನಲ್ಲಿ ಮೊದಲು ಡೋರ್ಕಾಸ್ ನಕ್ಕಳು, ಆಮೇಲೆ ಬಯಲೆಲ್ಲ ನಕ್ಕಿತು. ಮಾನವಿದ್ದ ಗಂಡಸಾಗಿದ್ದರೆ ಗರಿ ಕಿತ್ತೆಸೆದು ಹೊರಟುಹೋಗುತ್ತಿದ್ದ. ಅವನು ಅಣ್ಣ ಎಳೆತಂದ ಗಂಡುಹಂದಿಯ ಹಗ್ಗವನ್ನು ಕೈಗೆ ತೆಗೆದುಕೊಂಡ. ಮುಂದೆ ಗಂಡುಹಂದಿ, ಹಿಂದೆ ಅವನು, ಹಾಗೆಯೇ ಬಯಲು ದಾಟಿ ಹೋದರು.