ಲಕ್ಕಿ ಇಂಗ್ಲಿಷಿನಲ್ಲಿ ಹಾಕಿದ ಆಣೆ

ನನ್ನ ಎರಡು ಕಣ್ಣಾಣೆ, ಇದು ನಡೆದದ್ದೇ. ಕೊಂಕಣ ರೈಲು ಬಂದ ಹೊಸತು. ಕುಮಟಾದ ಹೊರಗೆ ಹೆದ್ದಾರಿಯ ಬದಿಯಲ್ಲಿ ಲಕ್ಕಿ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುಹಾಕಿ ಮಾರುತ್ತಿದ್ದಳು. ಆ ಈರುಳ್ಳಿ ಎಷ್ಟು ಸಿಹಿಯೆಂದರೆ, ಹೆಚ್ಚುವಾಗ ಬಂದ ಕಣ್ಣೀರಿಗೂ ಇರುವೆ ಮುತ್ತುತ್ತಿತ್ತು.

ಪಕ್ಕದ ಚಪ್ಪರ ಸಣ್ಣಮ್ಮನದು. ಲಕ್ಕಿಗೆ ಗೊಂಚಲು ಕಟ್ಟಲು ಕಲಿಸಿದವಳೇ ಅವಳು. ಇಬ್ಬರೂ ತರುತ್ತಿದ್ದದ್ದು ಒಂದೇ ಗದ್ದೆಯ ಬೆಳೆ. ಅಲ್ಲಿಯ ಹೆಂಗಸರಲ್ಲಿ ಒಂದು ಕಟ್ಟುಪಾಡಿತ್ತು: ತನ್ನದನ್ನು ಎಷ್ಟು ಬೇಕಾದರೂ ಹೊಗಳಬಹುದು, ಪಕ್ಕದವಳ ಗೊಂಚಲಿಗೆ ಬೆರಳು ತೋರಿಸಬಾರದು.

ಗೋಕರ್ಣಕ್ಕೆ ಹೋಗುವ ಬಿಳಿಯರು ಕಾರು ನಿಲ್ಲಿಸತೊಡಗಿದರು. ಅವರಿಗೆ ಹೇಳಲು ಎರಡು ಮಾತು ಇಂಗ್ಲಿಷ್ ಕಲಿಸೆಂದು ಲಕ್ಕಿ ಕಾಲೇಜಿಗೆ ಹೋಗುವ ಮಗಳು ಗಾಯತ್ರಿಯನ್ನು ಹಿಡಿದಳು.

“ಮೋರ್ ಸ್ವೀಟರ್ ಅಂದ್ರೆ ಸಾಕನೇ?”

“ಛೀ ಅವ್ವಾ! ಬರೀ ಸ್ವೀಟರ್. ಸ್ವೀಟರ್ ದ್ಯಾನ್ ದ್ಯಾಟ್. ಅದಕ್ಕಿಂತ ಸಿಹಿ ಅಂತ. ಮುಂದೆ ‘ಆನೆಸ್ಟ್ಲಿ’ ಸೇರ್ಸು, ಇಡೀ ಮಾತಿಗೇ ಆಣೆ ಹಾಕ್ದಂಗೆ.”

ಮರುದಿನ ತೆಂಗಿನಮರದಷ್ಟು ಉದ್ದದ ಬಿಳಿಯನೊಬ್ಬ ಇಳಿದು ಎರಡೂ ಚಪ್ಪರ ನೋಡಿದ.

“ಆನೆಸ್ಟ್ಲಿ, ಸ್ವೀಟರ್ ದ್ಯಾನ್ ದ್ಯಾಟ್!” ಎಂದಳು ಲಕ್ಕಿ. ಅವಳ ಬೆರಳು ತಾನಾಗಿ ಸಣ್ಣಮ್ಮನ ಗೊಂಚಲಿಗೆ ಹೋಗಿಬಿಟ್ಟಿತು.

ಅವನು ಲಕ್ಕಿಯ ಗೊಂಚಲನ್ನೆಲ್ಲ ಕಾರಿಗೆ ತುಂಬಿಕೊಂಡು ಹೋದ. ಕಟ್ಟುಪಾಡು ಮುರಿದ ನಾಚಿಕೆಗೆ ಅವಳ ಮುಖ ಒಲೆಯಂತೆ ಉರಿಯಿತು.

“ನನ್ ಬದಿಗೆ ಬೆರಳು ತೋರ್ಸಿ ಎಂತ ಅಂದ್ಯೇ?” ಸಣ್ಣಮ್ಮ ಕೇಳಿದಳು.

“ಒಳ್ಳೇದೇ ಹೇಳ್ದೆ ಅತ್ತೆ. ನಿಂದೂ ಸಿಹಿ ಅದೆ ಅಂತ.”

“ಹೌದನೇ, ನನ್ ಬಂಗಾರ!” ಸಣ್ಣಮ್ಮ ತನ್ನ ಬುತ್ತಿಯ ಮೀನು ತೆಗೆದು ಲಕ್ಕಿಯ ಅನ್ನದ ಮೇಲೆ ಇಟ್ಟಳು. ಲಕ್ಕಿ ಆ ಮೀನನ್ನು ಬುತ್ತಿಯ ಅಂಚಿಗೆ ಸರಿಸಿದಳು.

“ಆ ಮಾತು ನಂಗೂ ಕಲ್ಸೇ. ನಾನೂ ನಿನ್ನ ಬಗ್ಗೆ ಒಳ್ಳೇದು ಹೇಳ್ತೆ.”

ಲಕ್ಕಿ ತಪ್ಪೊಪ್ಪಿಕೊಳ್ಳಲೆಂದೇ ಬಾಯಿ ತೆರೆದಳು. ನಾಚಿಕೆಗೆ ಬಾಯಿಂದ ಹೊರಟದ್ದು ಅದೇ ಇಂಗ್ಲಿಷು. ಸಣ್ಣಮ್ಮ ಒಂದೇ ಸಲಕ್ಕೆ ಕಲಿತಳು.

ಅಂದಿನಿಂದ ಯಾವ ಕಾರು ನಿಂತರೂ ಸಣ್ಣಮ್ಮ ಪ್ರೀತಿಯಿಂದ ಲಕ್ಕಿಯ ಕಡೆ ಬೆರಳು ತೋರಿಸಿ, “ಆನೆಸ್ಟ್ಲಿ, ಸ್ವೀಟರ್ ದ್ಯಾನ್ ದ್ಯಾಟ್!” ಎನ್ನುತ್ತಿದ್ದಳು. ಬಂದವರೆಲ್ಲ ಸಣ್ಣಮ್ಮನದನ್ನೇ ಕೊಂಡರು. ಲಕ್ಕಿ ತಲೆ ತಗ್ಗಿಸಿ ಕೂತಳು. ಅವಳ ಗೊಂಚಲು ಮೊಳಕೆಯೊಡೆದು ಚಪ್ಪರವನ್ನೇ ಮೇಲೆತ್ತಿತು.

“ನಾ ಇಷ್ಟ್ ಹೇಳಿದ್ರೂ ನಿಂದು ಯಾರೂ ತಕಂತಿಲ್ಲ ಮಾರಾಯ್ತಿ,” ಸಣ್ಣಮ್ಮ ದಿನಾ ಸಮಾಧಾನ ಮಾಡುತ್ತಿದ್ದಳು. “ಈ ಬಿಳಿಯರಿಗೆ ಕಿವಿಯೇ ಇಲ್ಲ!”

ಸತ್ಯ ಹೇಳಲು ಲಕ್ಕಿಗೆ ಇವತ್ತಿಗೂ ಮುಖವಿಲ್ಲ. ನೀವು ಅದೇ ದಾರಿಯಲ್ಲಿ ಹೋಗುವವರಲ್ಲವೇ? ಸಣ್ಣಮ್ಮನಿಗೆ ನೀವೇ ಹೇಳಿಬಿಡಿ. ಪೆಟ್ಟು ಕೊಟ್ಟರೆ ನೀವು ತಿನ್ನಿ, ಈರುಳ್ಳಿ ಕೊಟ್ಟರೆ ನನಗೆ ತನ್ನಿ.